ಕೂಸಿನ ಕತ್ತಿ ಹೊಸಿಲು ದಾಟಿದ ದಿನ

ಹರಳೆಣ್ಣೆ ಹಚ್ಚಿದ ಕಬ್ಬಿಣದ ವಾಸನೆ ಮೂಗಿಗೆ ಬಿತ್ತೆಂದರೆ ನನಗೆ ಈಗಲೂ ಎಲ್ಲಿಗೋ ಹೊರಡಬೇಕು ಅನ್ನಿಸಿಬಿಡುತ್ತದೆ. ನಗಬೇಡಿ. ಊರಿಗೆ ಹೊರಡುವ ದಿನ ನಿಮ್ಮ ಮನೆಗಳಲ್ಲಿ ಬುತ್ತಿಯ ವಾಸನೆಯೋ ಪೆಟ್ಟಿಗೆಯಿಂದ ತೆಗೆದ ಸೀರೆಯ ವಾಸನೆಯೋ ಇದ್ದಿರಬಹುದು. ನಮ್ಮ ಮನೆಯಲ್ಲಿ ಕತ್ತಿಗಳ ವಾಸನೆ ಇರುತ್ತಿತ್ತು. ಮಾಗಡಿಗೂ ಸೋಲೂರಿಗೂ ನಡುವೆ, ನಾಲ್ಕು ತೆಂಗಿನ ಮರಗಳ ನೆರಳಲ್ಲಿ ಕೂತಿದ್ದ ಮಣ್ಣುಗೋಡೆಯ ಮನೆ ಅದು. ಮೈಸೂರಿನಲ್ಲಿ ಮಹಾರಾಜರಿದ್ದ ಕಾಲ. ನಮ್ಮ ಕಡೆಗೆ ರೈಲೂ ಇಲ್ಲ, ಬಸ್ಸೂ ಇಲ್ಲ; ಗಾಡಿ ಕಟ್ಟಿದರೆ ಉಂಟು, ಇಲ್ಲದಿದ್ದರೆ ಕಾಲ್ನಡಿಗೆ. ಗಾಡಿ ಕಟ್ಟುವ ಮೊದಲು ನನ್ನಜ್ಜಿ, ಅಂದರೆ ಅಪ್ಪನ ತಾಯಿ, ಹಿಂದಿನ ಕೋಣೆಯ ಗೋಡೆಗೆ ಸಿಕ್ಕಿಸಿದ್ದ ಕತ್ತಿಗಳನ್ನೆಲ್ಲ ಇಳಿಸಿ ಚಾಪೆಯ ಮೇಲೆ ಸಾಲಾಗಿ ಮಲಗಿಸುತ್ತಿದ್ದಳು. ಯಾವುದು ಜೊತೆಗೆ ಬರಬೇಕು, ಯಾವುದು ಮನೆಯಲ್ಲಿರಬೇಕು ಎಂದು ಆರಿಸಬೇಕಲ್ಲ! ಬಟ್ಟೆಯ ಗಂಟು ಕಟ್ಟಲು ಅವಳಿಗೆ ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತು ಸಾಕಿತ್ತು. ಕತ್ತಿ ಆರಿಸುವುದಕ್ಕೆ ಮಾತ್ರ ಬೆಳಗೆಲ್ಲ ಬೇಕಾಗುತ್ತಿತ್ತು.

ನಾನೂ ಅಣ್ಣನೂ ಉಸಿರು ಬಿಗಿಹಿಡಿದು ಚಾಪೆಯ ಅಂಚಿನಲ್ಲಿ ಕೂರುತ್ತಿದ್ದೆವು. ಒಂದು ಬಾಳೆನಾರನ್ನು ಎಡಗೈಯಲ್ಲಿ ಇಳಿಬಿಟ್ಟು, ಬಲಗೈಯ ಕತ್ತಿಯನ್ನು ಅದಕ್ಕೆ ಹೀಗೆ ತಾಗಿಸಿದರೆ ನಾರು ಸದ್ದಿಲ್ಲದೆ ಕೆಳಗೆ ಬೀಳಬೇಕು. ಒಸಿ ಎಳೆಯಿತೋ, ಆ ಕತ್ತಿ ಸಾಣೆಕಲ್ಲಿಗೆ ಹೋಗಬೇಕು. ಮಚ್ಚು ದಾರಿಗೆ: ಆಗ ಕ್ಲೋಸ್‌ಪೇಟೆ ಅನ್ನಿಸಿಕೊಳ್ಳುತ್ತಿದ್ದ ರಾಮನಗರದ ಬಂಡೆಗುಡ್ಡಗಳಲ್ಲಿ ಚಿರತೆಗಳಿದ್ದವು, ಗಾಡಿಜಾಡಿಗೆ ಬಾಗಿದ ಮುಳ್ಳುಕಂಟಿಗಳಂತೂ ಬೇಕಾದಷ್ಟು. ಅಡಕತ್ತರಿ ಅವಳ ಎಲೆಯಡಿಕೆ ಸಂಚಿಗೆ. ತರಕಾರಿ ಹೆಚ್ಚುವ ಈಳಿಗೆಮಣೆಯೂ ಗಾಡಿ ಹತ್ತಲೇಬೇಕು. "ಕಂಡೋರ ಮನೆ ಈಳಿಗೆ ನನ್ ಕೈ ಮಾತು ಕೇಳಾಕಿಲ್ಲ ಕಣೆ" ಅನ್ನುತ್ತಿದ್ದಳು. ಕತ್ತಿಗಳನ್ನು ಅವಳು ಮಾತಾಡಿಸುತ್ತಲೂ ಇದ್ದಳು. "ನೀ ಬಾ. ನೀ ಬ್ಯಾಡ ಬುಡು, ಹೋದ್ ಸಲ ಮದ್ವೆ ಮನೇಲಿ ಕುಂಬ್ಳಕಾಯಿ ಮುಂದೆ ನನ್ ಮಾನ ಕಳ್ದೆ." ಬಯ್ಯಿಸಿಕೊಂಡ ಕತ್ತಿ ಗೋಡೆಗೆ ವಾಪಸು ಹೋಗುವಾಗ ನನಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು.

ಆ ಚಾಪೆಗೆ ಎಂದೂ ಇಳಿಯದ ಕತ್ತಿಯೊಂದಿತ್ತು. ಅದು ಅಟ್ಟದ ಅಂಚಿನಲ್ಲಿ ಬಿಳಿ ಬಟ್ಟೆ ಸುತ್ತಿಕೊಂಡು ಮಲಗಿರುತ್ತಿತ್ತು. ಅಂಗೈಯಗಲದ, ಬಾಗಿದ ಕತ್ತಿ. ನಾವು ಅದನ್ನು ಕೂಸಿನ ಕತ್ತಿ ಅನ್ನುತ್ತಿದ್ದೆವು. ಮನೆಯಲ್ಲಿ ಹುಟ್ಟಿದ ಕೂಸಿನ ಹೊಕ್ಕುಳಬಳ್ಳಿ ಕತ್ತರಿಸುವುದಕ್ಕೆ ಮಾತ್ರ ಅದು ಕೆಳಗಿಳಿಯಬೇಕು. ಸೊಪ್ಪು ಸೋಕಬಾರದು, ಮಣ್ಣು ಸೋಕಬಾರದು, ಉರಿಯಲ್ಲಿ ಕಾಯಿಸಿಯೇ ಹಿಡಿಯಬೇಕು. ಅದರಿಂದ ಬಳ್ಳಿ ಕೊಯ್ಯಿಸಿಕೊಂಡ ಒಂದು ಕೂಸೂ ಕೈತಪ್ಪಿ ಹೋಗಿರಲಿಲ್ಲ. ಅದಕ್ಕೇ ಅದು ಹೊಸಿಲು ದಾಟುವಂತಿರಲಿಲ್ಲ. ದಾಟಿದರೆ ಮನೆಯ ಕೂಸುಗಳ ಆಯಸ್ಸೂ ಅದರ ಹಿಂದೆಯೇ ಹೊರಟುಹೋಗುತ್ತದೆ ಎಂದು ನಂಬಿಕೆ. ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಬರುವುದು ಪದ್ಧತಿಯಾದ್ದರಿಂದ ಕತ್ತಿ ಹೋಗಬೇಕಾದ ಪ್ರಸಂಗವೂ ಬಂದಿರಲಿಲ್ಲ. ನನ್ನ ಅವ್ವನಿಗೆ ತವರೆಂಬುದೇ ಇರಲಿಲ್ಲ, ಹೆತ್ತವರು ಮದುವೆಗೆ ಮೊದಲೇ ತೀರಿಹೋಗಿದ್ದರು. ಹಾಗಾಗಿ ನಾನೂ ಅಣ್ಣನೂ ಅದೇ ಮನೆಯಲ್ಲಿ, ಅದೇ ಕತ್ತಿಯ ಕೆಳಗೆ ಹುಟ್ಟಿದವರು.

ಅಪ್ಪನ ತಂಗಿ ಪುಟ್ಟತಾಯಿಯನ್ನು ಕನಕಪುರದ ಆಚೆಯ ಹಳ್ಳಿಗೆ ಕೊಟ್ಟಿತ್ತು. ಅವಳಿಗೆ ಎರಡು ಸಲ, ತವರಿಗೆ ಕರೆತರುವ ಮೊದಲೇ, ಅಲ್ಲೇ ಹೆರಿಗೆಯಾಗಿಬಿಟ್ಟಿತ್ತು. ಎರಡು ಕೂಸುಗಳೂ ಕೆಲವು ದಿನ ಚೆನ್ನಾಗಿದ್ದು, ಆಮೇಲೆ ದವಡೆ ಕಚ್ಚಿಕೊಂಡು, ಮೊಲೆ ಹಿಡಿಯಲಾರದೆ, ಸೆಟೆದುಕೊಂಡು ಹೋದವು. ಮೂರನೆಯ ಸಲ ದಿನ ತುಂಬುವ ಮೊದಲೇ ಅವಳಿಗೆ ರಕ್ತ ಕಾಣಿಸಿಕೊಂಡು, ಗಾಡಿಯಲ್ಲಿ ಕುಲುಕಿಸಲೇಬಾರದು ಎಂದು ಆ ಊರಿನ ಪಂಡಿತರು ಹೇಳಿಬಿಟ್ಟರು. ಅವಳ ಮೈದುನ ನಡೆದುಕೊಂಡು ಬಂದು ಜಗಲಿಯ ಮೇಲೆ ಕುಸಿದು ಕೂತ. "ಅವ್ವನ್ನ ಕರ್ಕೊಂಬಾ, ಅವ್ವನ ಕೈಲೇ ಆಗ್ಬೇಕು ಅಂತ ಒಂದೇ ಸಮ ಅಳ್ತಾವ್ಳೆ" ಅಂದ.

ಅಜ್ಜಿ ಕತ್ತಿಗಳನ್ನು ಇಳಿಸಿದಳು. ಆ ದಿನ ಯಾವುದನ್ನೂ ಮಾತಾಡಿಸಲಿಲ್ಲ. ಮಚ್ಚು, ಈಳಿಗೆ, ಅಡಕತ್ತರಿ ಒಂದೊಂದಾಗಿ ಪಕ್ಕಕ್ಕೆ ಹೋದವು. ಆಮೇಲೆ ಕೈ ನಿಂತುಹೋಯಿತು. ಒಮ್ಮೆ ಕತ್ತೆತ್ತಿ ಅಟ್ಟದ ಅಂಚು ನೋಡಿದಳು. ನೋಡಿದ್ದನ್ನು ನಾನು ನೋಡಿದೆನೆಂದು ನನ್ನನ್ನು ಸುಮ್ಮಸುಮ್ಮನೆ ಗದರಿದಳು. ಕೊನೆಗೆ ಸೊಪ್ಪು ಸೋಸುವ ಸಣ್ಣ ಚೂರಿಯೊಂದನ್ನು ಗಂಟಿಗೆ ಹಾಕುತ್ತಾ, "ಬೆಂಕಿಗೆ ಹಿಡುದ್ರೆ ಎಲ್ಲಾ ಕಬ್ಣನೂ ಒಂದೇಯ" ಅಂದಳು. ಅವಳ ದನಿಯಲ್ಲಿ ಕಸುವಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಅವಳೂ ತುಂಬಿದ ಬಸುರಿ. ಅಜ್ಜಿ ಹೋದರೆ ಬಾಣಂತನ ಮುಗಿಸದೆ ಬರುವಂತಿಲ್ಲ. ಅಷ್ಟರಲ್ಲಿ ಅವ್ವನಿಗೂ ದಿನ ತುಂಬುತ್ತಿತ್ತು. ಅಜ್ಜಿಯ ಕೈ ತನಗೆ ಸಿಗುವುದಿಲ್ಲವೆಂಬುದು ಅವಳಿಗೆ ಆಗಲೇ ಗೊತ್ತಾಗಿತ್ತು. ಉಳಿದಿದ್ದದ್ದು ಕತ್ತಿಯೊಂದೇ.

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು, ಆ ಹೊಟ್ಟೆ ಹೊತ್ತುಕೊಂಡೇ ಒರಳುಕಲ್ಲಿನ ಮೇಲೆ ಹತ್ತಿದಳು. ನಾನು "ಅವ್ವಾ!" ಎಂದು ಕಿರುಚಿಕೊಂಡೆ. ಅವಳು ಬಿಳಿ ಬಟ್ಟೆಯ ಸುರುಳಿಯನ್ನು ಇಳಿಸಿಕೊಂಡು ಬಂದಳು. ನಮ್ಮಲ್ಲಿ ಕತ್ತಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳವಾಗುತ್ತದೆ. ನೆಲಕ್ಕಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಅವ್ವ ಅದನ್ನು ಅಜ್ಜಿಯ ಮುಂದೆ ಇಟ್ಟು ಹಿಂದೆ ಸರಿದು ನಿಂತಳು.

"ನಿಂಗಮ್ಮ, ನಿನ್ ಹೊಟ್ಟೇಲಿರೋದು ಈ ಮನೆ ಕೂಸು ಕಣವ್ವ. ಎತ್ತಿಡು ಮ್ಯಾಕೆ."

"ಪುಟ್ಟತಾಯಿ ಎಲ್ಡು ಕಳ್ಕೊಂಡವ್ಳೆ ಅತ್ತೆಮ್ಮ. ನಂಗೆ ಎಲ್ಡು ಅವೆ. ತಕ್ಕೊಳಿ."

ಬಾಗಿಲಲ್ಲಿ ಎತ್ತಿನ ಹಗ್ಗ ಹಿಡಿದು ನಿಂತಿದ್ದ ಅಪ್ಪ, ಎಲ್ಲದಕ್ಕೂ ಒಂದು ಮಾತು ಸೇರಿಸುವ ಅಪ್ಪ, ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳುತ್ತಾ ನಿಂತ. ನನ್ನ ಅವ್ವ ಅಲ್ಲಿಯವರೆಗೆ ನನಗೆ ರೊಟ್ಟಿ ತಟ್ಟುವ, ತಲೆ ಬಾಚುವ, ಅಜ್ಜಿ ಎದುರಾದರೆ ಗೋಡೆಗೆ ಸರಿಯುವ ಹೆಂಗಸು. ಆ ದಿನ ಅವಳು ಅಟ್ಟ ಮುಟ್ಟುವಷ್ಟು ಎತ್ತರವಾಗಿ ಕಂಡಳು. ಮನೆಯನ್ನೆಲ್ಲ ಕಣ್ಣಲ್ಲೇ ಆಳುತ್ತಿದ್ದ ಅಜ್ಜಿ ಬಾಗಿ ಕತ್ತಿಯನ್ನು ಎತ್ತಿಕೊಂಡಳು. ಕಣ್ಣಿಗೊತ್ತಿಕೊಂಡು ಮಡಿಲಿಗೆ ಸಿಕ್ಕಿಸಿ, ಯಾರ ಮುಖವನ್ನೂ ನೋಡದೆ ಗಾಡಿ ಹತ್ತಿದಳು.

ಪುಟ್ಟತಾಯಿ ಅತ್ತೆಗೆ ಗಂಡುಮಗುವಾಯಿತು. ಚೆನ್ನಾಗಿ ಹಾಲು ಕುಡಿಯುತ್ತಿದೆ ಎಂದು ಸುದ್ದಿ ಬಂತು. ಅಜ್ಜಿ ಇನ್ನೂ ಅಲ್ಲಿರುವಾಗಲೇ ಅವ್ವನಿಗೆ ನೋವು ಬಂತು. ಪಕ್ಕದ ಮನೆಯ ಕೆಂಪಕ್ಕ ಗೋಡೆಯ ಕುಡುಗೋಲನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಬಳ್ಳಿ ಕೊಯ್ದಳು. ನನ್ನ ತಂಗಿ ಹುಟ್ಟಿದಳು. ಆಮೇಲಿನ ದಿನಗಳಲ್ಲಿ ಅವ್ವ ನಿದ್ದೆ ಮಾಡಿದ್ದನ್ನು ನಾನು ಕಾಣೆ. ಗಳಿಗೆಗೊಮ್ಮೆ ಬೆರಳನ್ನು ಕೂಸಿನ ತುಟಿಗೆ ತಾಗಿಸಿ ದವಡೆ ಬಿಚ್ಚುತ್ತದೆಯೇ ಎಂದು ನೋಡುವಳು. ಕೂಸು ಬೆರಳು ಚೀಪಿದರೆ ಕಣ್ಣು ಮುಚ್ಚಿ ಉಸಿರುಬಿಡುವಳು. ಮತ್ತೆ ಅದೇ. ಪುರುಡು ಕಳೆದು, ನೀರೆರೆದು, ಕೂಸು ಮನೆ ಹಾರಿಹೋಗುವ ಹಾಗೆ ಅತ್ತ ದಿನ ಅವಳು ಮಲಗಿದಳು ನೋಡಿ, ಯಾರೂ ಎಬ್ಬಿಸಲಿಲ್ಲ. ಅಪ್ಪನೇ ಒಲೆ ಹಚ್ಚಿ ಗಂಟುಗಂಟು ಮುದ್ದೆ ಮಾಡಿದ. ನಾವು ಕಮಕ್ ಕಿಮಕ್ ಅನ್ನದೆ ತಿಂದೆವು.

ಅಜ್ಜಿ ಹಿಂತಿರುಗಿ ಬಂದು ಕೂಸಿನ ಕತ್ತಿಯನ್ನು ಮತ್ತೆ ಅಟ್ಟದ ಅಂಚಿಗೇ ಇಟ್ಟಳು. ಆದರೆ ಮುಂದಿನ ಸಲ ಎಲ್ಲಿಗೋ ಹೊರಡುವಾಗ, ಚಾಪೆಯ ಮೇಲೆ ಕತ್ತಿಗಳನ್ನು ಮಲಗಿಸಿದ ಅಜ್ಜಿ ಅಡುಗೆಮನೆಯ ಕಡೆಗೆ ತಿರುಗಿ, "ಯಾವ್ದು ತಕ್ಕೊಂಡೋಗ್ಲವ್ವ, ನಿಂಗಮ್ಮ?" ಎಂದು ಕೇಳಿದಳು. ಕೇಳುವ ಅಭ್ಯಾಸವೇ ಇಲ್ಲದ ಬಾಯಿ ಅದು.

ಅಜ್ಜಿ, ಅವ್ವ ಇಬ್ಬರೂ ತೀರಿಹೋದರು. ಪುಟ್ಟತಾಯಿ ಅತ್ತೆಯೂ ಹೋದಳು. ಮನೆ ಇದ್ದ ಜಾಗದಲ್ಲಿ ಈಗ ಬಸ್ಸು ಓಡಾಡುತ್ತದೆ. ಅದರಲ್ಲಿ ಕೂತವರು ಬರಿಗೈಯಲ್ಲಿ ಎಲ್ಲಿಗೆ ಬೇಕಾದರೂ ಹೋಗಿಬರುತ್ತಾರೆ. ಹೋಗಲಿ, ಒಳ್ಳೆಯದೇ. ಅವ್ವ ತೀರಿಕೊಳ್ಳುವ ವರ್ಷ, ಅವಳ ಕಾಲು ಒತ್ತುತ್ತಾ ಕೂತಿದ್ದಾಗ, ಆ ದಿನ ನಿನಗೆ ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆ.

"ಆಯ್ತು ಕಣವ್ವ, ಯಾಕಾಗಾಕಿಲ್ಲ?" ಅಂದಳು. "ಅತ್ತೆಮ್ಮ ಇಲ್ದೆ ನಂಗೆ ಹೆಂಗೂ ಹೆದ್ರಿಕೆನೇ. ಇಬ್ರೂ ಹೆದ್ರುಕೊಂಡು ಹೆರೋದ್ಕಿಂತ, ಒಬ್ಳು ಹೆದ್ರುಕೊಂಡ್ರೆ ಸಾಕು ಅನ್ನುಸ್ತು."