ಕೊಕ್ಕೆಯ ತೂಕ

ನಾಳೆ ಮಧ್ಯಾಹ್ನ ನನ್ನ ವಿಮಾನ. ಇವತ್ತು ಬೆಳಿಗ್ಗೆ ಅಟ್ಟದಿಂದ ಅಪ್ಪನ ಕೊಕ್ಕೆ ತಕ್ಕಡಿ ಇಳಿಸಿ, ಸುತ್ತಿದ್ದ ಗೋಣಿ ಬಿಚ್ಚಿದರೆ ರೇಷ್ಮೆಗೂಡಿನ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಹೊರಗಿನವರು ಮೂಗು ಮುಚ್ಚಿಕೊಳ್ಳುವ ಈ ವಾಸನೆ ಬಂತೆಂದರೆ, ರಾಮನಗರದ ನಮ್ಮ ಮನೆಯಲ್ಲಿ ಅಪ್ಪ ಕೆಲಸ ಮುಗಿಸಿ ಬಂದನೆಂದೇ ಅರ್ಥವಾಗಿತ್ತು.

ನಾನು ಮೊದಲೇ ಪುಕ್ಕಲಿ. ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡ ಮೇಲೂ ನಾಲ್ಕು ಸಲ ಮುಟ್ಟಿ ನೋಡುವವಳು. ಈಗ ಮೂರು ದಿನದಿಂದ ವಿಮಾನದ ಟಿಕೆಟ್ಟಿನ ಸಣ್ಣಕ್ಷರ ಓದಿ ಓದಿ ಕಣ್ಣು ಉರಿ. ಕೆಳಗೆ ಹಾಕುವ ಸೂಟ್‌ಕೇಸಿಗೆ ಇಪ್ಪತ್ಮೂರು ಕೆಜಿ, ಕೈಚೀಲಕ್ಕೆ ಏಳು. ಕೈಚೀಲದಲ್ಲಿ ಕತ್ತರಿ, ನೀರು ಕೂಡದು, ಸೂಟ್‌ಕೇಸಿನಲ್ಲಿ ಪವರ್ ಬ್ಯಾಂಕ್ ಕೂಡದು. ಉಪ್ಪಿನಕಾಯಿಯ ಎಣ್ಣೆ ನೀರಿನ ಲೆಕ್ಕವೋ ಅಲ್ಲವೋ ಎಂದು ಯೋಚಿಸುತ್ತ ನಿನ್ನೆ ಒಲೆ ಮೇಲಿನ ಹಾಲು ಉಕ್ಕಿಸಿದೆ.

ಹೋಗುತ್ತಿರುವುದು ಮಸ್ಕತ್ತಿಗೆ. ಅಲ್ಲಿರುವ ಅಕ್ಕನಿಗೆ ಬರುವ ವಾರ ಹೊಟ್ಟೆಯ ಆಪರೇಷನ್ನು. ಗಡ್ಡೆ ಸಣ್ಣದಂತೆ, ಭಯವಿಲ್ಲವಂತೆ. ಭಾವ ಮೂರು ಸಲ ಹೇಳಿದರು. ಮೂರು ಸಲ ಹೇಳಿದ್ದಕ್ಕೇ ನನಗೆ ಭಯ. ಅಕ್ಕ ಮಾತ್ರ ಫೋನಿನಲ್ಲಿ, “ಏನೂ ತರಬ್ಯಾಡ ಕಣೇ, ನೀ ಬಂದ್ರೆ ಸಾಕು” ಎಂದಳು. ಆಮೇಲೆ ಸ್ವಲ್ಪ ತಡೆದು, “ಒಸಿ ರಾಗಿ ಹಿಟ್ಟು ಹಿಡೀತೈತೇನೋ ನೋಡು. ಆಪ್ರೇಸನ್ ಆದ್ಮೇಲೆ ಅಂಬ್ಲಿನಾದ್ರೂ ಕುಡೀಬೋದು” ಎಂದಳು. ಅಕ್ಕ ಏನನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಅವಳು ರಾಗಿ ಹಿಟ್ಟು ಕೇಳಿದ್ದೇ ನಾನು ಎದ್ದು ಹೋಗಿ ಹಿಟ್ಟಿನ ಡಬ್ಬಿ ತೆರೆದು ನೋಡಿದೆ. ಯಾಕೆಂದು ಹೇಳಬೇಕಾದರೆ ಅವಳು ಮೊದಲ ಸಲ ವಿಮಾನ ಹತ್ತಿದ ದಿನಕ್ಕೆ ಹೋಗಬೇಕು.

ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುತ್ತಿದ್ದ ಭಾವ ಮದುವೆಯಾದ ವರ್ಷವೇ ಮಸ್ಕತ್ತಿನಲ್ಲಿ ಮರಗೆಲಸಕ್ಕೆ ಸೇರಿದ್ದರು. ಅಕ್ಕನ ವೀಸಾ ಬರುವ ಹೊತ್ತಿಗೆ ಎರಡು ವರ್ಷ. ಬಂದ ವೀಸಾಕ್ಕೂ ಗಡುವು. ಟಿಕೆಟ್ ಸಿಕ್ಕಿದ್ದು ಆ ಗಡುವಿನ ಕೊನೆಯ ದಿನಕ್ಕೆ. ಆ ವಿಮಾನ ತಪ್ಪಿದರೆ ಎಲ್ಲ ಮತ್ತೆ ಮೊದಲಿಂದ.

ಅಪ್ಪ ಗೂಡಿನ ಮಾರುಕಟ್ಟೆಯಲ್ಲಿ ತೂಕದ ಕೆಲಸದವನು. ಕೈಲಾಂಚದ ಕಡೆಯ ರೈತರು, ಚನ್ನಪಟ್ಟಣದ ನೂಲು ತೆಗೆಯುವವರು, ಕೊಡುವವರೂ ಕೊಳ್ಳುವವರೂ ಅವನು ಹೇಳಿದ ತೂಕಕ್ಕೆ ಎರಡು ಮಾತಾಡುತ್ತಿರಲಿಲ್ಲ. ಹಾಗಾಗಿ ಇಪ್ಪತ್ಮೂರು ಕೆಜಿ ತುಂಬುವ ಹೊಣೆಯನ್ನು ಅವನು ಯಾರಿಗೂ ಬಿಡಲಿಲ್ಲ. ಸೀರೆ, ಹುರುಳಿ, ಖಾರದ ಪುಡಿ, ಮುದ್ದೆ ಕೋಲು, ಎಲ್ಲಕ್ಕಿಂತ ಮುಖ್ಯವಾಗಿ ರಾಗಿ ಹಿಟ್ಟು: ಒಂದೊಂದನ್ನೂ ತೂಗಿ, ಕೂಡಿಸಿ, ಇಪ್ಪತ್ಮೂರಕ್ಕೆ ಸರಿಯಾಗಿ ನಿಲ್ಲಿಸಿ ಸೂಟ್‌ಕೇಸಿಗೆ ತುಂಬಿದ. ನಾನು ಮೆಲ್ಲಗೆ, “ಸೂಟ್‌ಕೇಸೂ ಭಾರ ಐತಲ್ಲಪ್ಪ” ಎಂದೆ.

“ಚೀಲದ ತೂಕ ಕಳೀದೆ ಯಾರಾದ್ರೂ ತೂಗ್ತಾರೇನವ್ವ?” ಎಂದು ಅಪ್ಪ ನಕ್ಕ. “ಮಾರ್ಕೆಟ್ನಲ್ಲಿ ಗೂಡಿನ ಕ್ರೇಟು ಕಳ್ದೇ ತಾನೇ ಬರಿಯೋದು? ಇಷ್ಟು ದೊಡ್ಡ ಇಮಾನದೋರಿಗೆ ಅಷ್ಟು ನ್ಯಾಯ ಗೊತ್ತಿರಲ್ವ?”

ಗೊತ್ತಿರಲಿಲ್ಲ, ನೋಡಿ.

ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವವರಿಗೆ ಒಳಗೆ ಪ್ರವೇಶವಿಲ್ಲ. ಅಕ್ಕ ಒಬ್ಬಳೇ ಹೋದಳು. ನಾನೂ ಅಪ್ಪನೂ ಗಾಜಿನ ಬಾಗಿಲ ಹೊರಗೆ ನಿಂತೆವು. ಅರ್ಧ ಗಂಟೆಗೆ ಅಕ್ಕ ಸೂಟ್‌ಕೇಸ್ ಎಳೆದುಕೊಂಡು, ಅಳುತ್ತ, ಕಾವಲಿನವನನ್ನು ಬೇಡಿಕೊಂಡು ಅದೇ ಬಾಗಿಲಿಗೆ ಬಂದಳು. “ನಾಕೂವರೆ ಕೆಜಿ ಜಾಸ್ತಿ ಅಂತಪ್ಪ. ಸೂಟ್ಕೇಸ್ನೂ ಸೇರ್ಸೇ ತೂಗ್ತಾರಂತೆ. ಇನ್ನಿಪ್ಪತ್ತು ನಿಮಿಷಕ್ಕೆ ಕೌಂಟರ್ ಮುಚ್ತಾರೆ!”

ಅಪ್ಪನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ತೂಕದ ವಿಷಯದಲ್ಲಿ, ಮಗಳ ಮುಂದೆ, ಅವನು ತಪ್ಪಿದ್ದ. ಅಲ್ಲಿ ತಕ್ಕಡಿಯೂ ಇರಲಿಲ್ಲ. ಅವನು ನೆಲಕ್ಕೆ ಕೂತು ಸೂಟ್‌ಕೇಸ್ ತೆರೆದ. ರಾಗಿ ಹಿಟ್ಟಿನ ಚೀಲಗಳನ್ನು ಒಂದೊಂದಾಗಿ ತೆಗೆದ. ಮುದ್ದೆ ಕೋಲು ತೆಗೆದ. ಹುರುಳಿ ತೆಗೆದು, ಕೈಯಲ್ಲಿ ಎರಡು ಸಲ ಎತ್ತಿ ಇಳಿಸಿ ನೋಡಿ, ಮತ್ತೊಂದು ಹಿಡಿಯಷ್ಟು ಖಾರದ ಪುಡಿ ತೆಗೆದ. “ಹೋಗವ್ವ, ಈಗ ಸರಿಹೋಗ್ತದೆ” ಎಂದ.

ಅಕ್ಕ ಓಡಿದಳು. ನಾವು ಗಾಜಿಗೆ ಮುಖ ಒತ್ತಿ ನಿಂತೆವು. ಎಷ್ಟೋ ಹೊತ್ತಾದ ಮೇಲೆ ದೂರದಲ್ಲಿ ಅವಳು ಖಾಲಿ ಕೈ ಎತ್ತಿ ಬೀಸಿದ್ದು ಕಂಡಿತು. ಇಪ್ಪತ್ತೆರಡು ಮುಕ್ಕಾಲು ಬಂತೆಂದು ಆಮೇಲೆ ಫೋನಿನಲ್ಲಿ ಹೇಳಿದಳು. ಅಪ್ಪನ ಕೈ ಸುಳ್ಳು ಹೇಳಿರಲಿಲ್ಲ. ನಾನು ಹಾಗೆಂದು ಹೊಗಳಿದರೆ, ತೊಡೆಯ ಮೇಲೆ ಹಿಟ್ಟಿನ ಗಂಟು ಇಟ್ಟುಕೊಂಡು ಬಸ್ಸಿನ ಕಿಟಕಿ ಕಡೆ ನೋಡುತ್ತಿದ್ದವನು, “ಮಗಾ ಅತ್ಕೊಂಡು ಬಾಗಿಲಿಗೆ ಬಂದ್ಬುಡ್ತಲ್ಲವ್ವ” ಎಂದ. ಅಮ್ಮ ಆ ಹಿಟ್ಟಿನಲ್ಲಿ ಮುದ್ದೆ ಮಾಡಿದ ದಿನ ಅವನು ಹಸಿವಿಲ್ಲವೆಂದು ಎದ್ದುಹೋದ.

ಆ ತಿಂಗಳೇ ಈ ಕೊಕ್ಕೆ ತಕ್ಕಡಿ ಮನೆಗೆ ಬಂತು. ಅಪ್ಪ ಒಂದು ದಿನವೂ ವಿಮಾನ ಹತ್ತಲಿಲ್ಲ, ಆದರೆ ನಮ್ಮ ಬೀದಿಗೆ ಲಗೇಜು ಪಂಡಿತನಾದ. ಯಾರು ಎಲ್ಲಿಗೆ ಹಾರಲಿ, ಸೂಟ್‌ಕೇಸ್ ಮೊದಲು ನಮ್ಮ ಪಡಸಾಲೆಯ ತೊಲೆಗೆ ನೇತು ಬೀಳಬೇಕು. ಉಮ್ರಾ ಯಾತ್ರೆಗೆ ಹೋಗಿ ಬಂದ ನೂಲಿನ ರಹಮತ್ ಸಾಹೇಬರು, “ಗೌಡ್ರೇ, ನೀವು ತೂಗ್ದಾಗ ಇಪ್ಪತ್ಮೂರು, ಅಲ್ಲಿ ಇಪ್ಪತ್ತೊಂದೇ ಬಂತು. ಅವರ ತೂಕದ ಕಾಂಟಾನೇ ಸರಿ ಇಲ್ಲ ಬಿಡಿ” ಎಂದಿದ್ದರು. ಅಪ್ಪ ಹೌದೆಂದು ತಲೆ ಆಡಿಸಿದ್ದ. ಏನೂ ನೇತು ಹಾಕದಿದ್ದರೂ ಮುಳ್ಳು ಎರಡರ ಮೇಲೆ ಯಾಕೆ ನಿಂತಿರುತ್ತದೆ ಎಂದು ನಾನೊಮ್ಮೆ ಕೇಳಿದ್ದೆ. “ಅದು ಕೊಕ್ಕೆ ತೂಕ ಕಣವ್ವ, ಅದ್ನೂ ಹಿಡೀತಾರೆ ಇಮಾನದೋರು” ಎಂದಿದ್ದ. ತೂಕದಲ್ಲಿ ಅಪ್ಪನನ್ನು ಅನುಮಾನಿಸುವುದುಂಟೇ? ಅವನು ತೀರಿಹೋಗಿ ಎರಡು ವರ್ಷವಾಯಿತು. ಇವತ್ತಿನವರೆಗೂ ನಾನು ಅದನ್ನು ನಂಬಿಕೊಂಡೇ ಇದ್ದೆ.

ಬೆಳಿಗ್ಗೆ ನನ್ನ ಸೂಟ್‌ಕೇಸ್ ನೇತು ಹಾಕಿದೆ. ಅಕ್ಕನ ಬಟ್ಟೆ, ಔಷಧಿ, ನನ್ನ ಎರಡು ಸೀರೆ. ಇಪ್ಪತ್ಮೂರು. ಹಿಟ್ಟಿಗೆ ಜಾಗವಿಲ್ಲ. ಏನು ತೆಗೆಯಲಿ ಎಂದು ಕೈ ಹಿಸುಕಿಕೊಳ್ಳುತ್ತ, ಸೂಟ್‌ಕೇಸ್ ಇಳಿಸಿ ಸುಮ್ಮನೆ ಆ ಕೊಕ್ಕೆ ನೋಡಿದೆ. ಕಿರುಬೆರಳಿನಷ್ಟು ದಪ್ಪದ ಕಂಬಿ. ಇದು ಎರಡು ಕೆಜಿ ಇರಲು ಸಾಧ್ಯವೇ? ಅಡುಗೆಮನೆಯಿಂದ ಒಡೆಯದ ಹತ್ತು ಕೆಜಿ ಅಕ್ಕಿ ಚೀಲ ತಂದು ನೇತು ಹಾಕಿದೆ. ಹನ್ನೆರಡು.

ತಕ್ಕಡಿ ತಿರುಗಿಸಿ ನೋಡಿದೆ. ಮುಳ್ಳನ್ನು ಸೊನ್ನೆಗೆ ತರುವ ತಿರುಪು ಮೇಲಿತ್ತು. ಅದನ್ನು ಎರಡಕ್ಕೆ ತಿರುಗಿಸಿ, ಮತ್ತೆ ಅಲುಗದಂತೆ ರೇಷ್ಮೆ ನೂಲು ಸುತ್ತಿ ಗಂಟು ಹಾಕಲಾಗಿತ್ತು. ಆ ಗಂಟು ಅಪ್ಪನದೇ. ಜೀವಮಾನವೆಲ್ಲ ಕಾಲು ಕೆಜಿಗೂ ಮೋಸ ಮಾಡದವನು, ಇನ್ಯಾರ ಮಗಳೂ ಅಳುತ್ತ ಬಾಗಿಲಿಗೆ ಬರಬಾರದೆಂದು ಇಡೀ ಬೀದಿಗೆ ಎರಡೆರಡು ಕೆಜಿ ಸುಳ್ಳು ತೂಗಿದ್ದ. ನಾನು ಅಲ್ಲೇ ಕೂತು ಸ್ವಲ್ಪ ಹೊತ್ತು ಅತ್ತೆ.

ನೂಲು ಬಿಚ್ಚಲಿಲ್ಲ. ಎರಡು ಕೆಜಿ ರಾಗಿ ಹಿಟ್ಟು ಕಟ್ಟಿ ಸೂಟ್‌ಕೇಸಿಗೆ ಹಾಕಿ ಮತ್ತೆ ತೊಲೆಗೆ ಏರಿಸಿದೆ. ಮುಳ್ಳು ಇಪ್ಪತ್ತೈದಕ್ಕೆ ಬಂದು ನಿಂತಿತು. ನಾಲ್ಕು ಸಲ ನೋಡಿದೆ. ಅಪ್ಪನ ಹೆದರಿಕೆಯ ತೂಕ ಎರಡು, ಕಳೆದೆ. ಇಪ್ಪತ್ಮೂರು.