ಮೊಂಡಿ ಅಳಿಸಲಿಲ್ಲ

ಅವಳಿಗೆ ಮೊಂಡಿ ಎಂದು ಹೆಸರಿಟ್ಟವಳು ಸ್ವಂತ ಅಕ್ಕ. ಚಿಕ್ಕಂದಿನಲ್ಲಿ ಕೆಟ್ಟುಹೋದ ರೇಡಿಯೊವನ್ನು ಗುಜರಿಗೆ ಹಾಕಲು ಬಿಡದೆ, ಊಟಕ್ಕೆ ಕರೆದರೂ ಏಳದೆ, ಅದು ಗೊರಗೊರ ಎನ್ನುವ ತನಕ ಅದರ ಮುಂದೆಯೇ ಕೂತಿದ್ದಳಂತೆ. ಮದುವೆಯಾದ ಮೇಲೆ ಈ ಹೆಸರು ಅತ್ತೆಯ ಕಿವಿಗೂ ಬಿತ್ತು. ಅವರು ಅದನ್ನು ಹೊಗಳಿಕೆ ಎಂದೇ ತಿಳಿದು, ಬಂದವರ ಮುಂದೆಲ್ಲ ನಮ್ಮ ಮೊಂಡಿ, ನಮ್ಮ ಮೊಂಡಿ ಎನ್ನುತ್ತಿದ್ದರು. ಹೆರಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೇಲೆ ಅಲ್ಲಿಯೂ ಅದೇ ಹೆಸರು ಅಂಟಿತು. ಆದರೆ ಅಲ್ಲಿ ಬೆನ್ನ ಹಿಂದೆ ಹೇಳುತ್ತಿದ್ದರು, ಅವಳಿಗೆ ಕೇಳಿಸುವಷ್ಟು ಜೋರಾಗಿ.

ಹೇಳಿಕೊಳ್ಳಲಿ, ತನ್ನ ಗಂಟೇನು ಹೋಗುತ್ತದೆ ಎಂದು ಅವಳು ತಲೆ ಕೆಡಿಸಿಕೊಳ್ಳಲಿಲ್ಲ.

ಆ ಲ್ಯಾಬಿನ ಮುಖ್ಯ ಕೆಲಸ ಹಸುಗೂಸುಗಳ ರಕ್ತಪರೀಕ್ಷೆ. ಮಗುವಿನ ಹಿಮ್ಮಡಿ ಚುಚ್ಚಿ, ಬೆರಳುದ್ದದ ಟ್ಯೂಬಿಗೆ ಒಂದಿಷ್ಟು ಹನಿ ರಕ್ತ ಹಿಡಿದು ತರುತ್ತಾರೆ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಮಗು ನೋಡಲು ಮುದ್ದಾಗಿಯೇ ಇರುತ್ತದೆ. ಆದರೆ ಮೊದಲ ವಾರಗಳಲ್ಲೇ ಔಷಧಿ ಬೀಳದಿದ್ದರೆ ಬುದ್ಧಿ ಬೆಳೆಯುವುದಿಲ್ಲ. ಬಾಣಂತಿ ಮನೆಗೆ ಹೋದ ಮೇಲೆ ಫಲಿತಾಂಶ ಬರುತ್ತದೆ, ಕೆಟ್ಟದಿದ್ದರೆ ಫೋನು ಮಾಡಿ ಕರೆಸುತ್ತಾರೆ. ಫಲಿತಾಂಶ, ತಾಯಿಯ ವಿಳಾಸ, ಫೋನ್ ನಂಬರು, ಎಲ್ಲವೂ ಒಂದೇ ಸರ್ವರಿನ ಡೇಟಾಬೇಸಿನಲ್ಲಿ. ಪರೀಕ್ಷೆ ಮುಗಿದ ಟ್ಯೂಬುಗಳು ಸಂಜೆಯೇ ಕಸ ಸುಡಲು ಒಯ್ಯುವ ಗಾಡಿಗೆ ಹೋಗುತ್ತವೆ. ಮೊಂಡಿಯ ಮಗಳು ಹುಟ್ಟಿದಾಗ ಯಾರದೋ ಕೈತಪ್ಪಿ ಟ್ಯೂಬು ಒಡೆದು, ಮಗುವಿಗೆ ಎರಡನೇ ಸಲ ಚುಚ್ಚಿದ್ದರು. ಆ ಅಳನ್ನು ಅವಳು ಇನ್ನೂ ಮರೆತಿಲ್ಲ.

ಸರ್ವರಿನ ಆಪರೇಟಿಂಗ್ ಸಿಸ್ಟಂ ಹಳೆಯದಾಗಿತ್ತು. ಸಾಫ್ಟ್‌ವೇರ್ ಕಂಪನಿಯ ಇಂಜಿನಿಯರ್ ತನ್ನ ಕಚೇರಿಯಲ್ಲೇ ಕೂತು, ಲ್ಯಾಬು ತೆರೆಯುವ ಮೊದಲೇ ಅದನ್ನು ಹೊಸದಕ್ಕೆ ಏರಿಸಿದ. ಯಂತ್ರ ಚೆನ್ನಾಗಿಯೇ ಎದ್ದಿತು. ಡೇಟಾಬೇಸ್ ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ. ಹೊಸ ಸಿಸ್ಟಂ ಅದಕ್ಕೆ ಕಡತ ಮುಟ್ಟಲು ಅನುಮತಿ ಕೊಡುತ್ತಿಲ್ಲವೇನೋ ಎಂದು ಮೊಂಡಿಗೆ ಮೊದಲು ಅನಿಸಿತು. ಅದರ ಹಿಂದೆ ಬಿದ್ದು ಅರ್ಧ ಬೆಳಿಗ್ಗೆ ಕಳೆದಳು. ಅನುಮತಿ ಎಲ್ಲ ಸರಿಯಾಗಿಯೇ ಇತ್ತು. ತನಗೇ ಬೈದುಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದಳು.

ಅಷ್ಟರಲ್ಲಿ ಇಂಜಿನಿಯರ್ ತನ್ನ ತಪಾಸಣೆ ಮುಗಿಸಿ ಫೋನಿನಲ್ಲಿ ತೀರ್ಪು ಕೊಟ್ಟ. ಸಿಸ್ಟಂ ಇರುವ ಮೊದಲ ಡಿಸ್ಕಲ್ಲದೆ ಸರ್ವರಿಗೆ ಇನ್ನೂ ಎರಡು ದೊಡ್ಡ ಡಿಸ್ಕು, ಒಂದರಲ್ಲಿ ಡೇಟಾ, ಇನ್ನೊಂದರಲ್ಲಿ ಅದರ ದಿನದಿನದ ನಕಲು. ಡೇಟಾ ಇರಬೇಕಾದ ಕಡೆ ಡೇಟಾ ಇಲ್ಲ, ನಕಲು ಇರಬೇಕಾದ ಕಡೆ ನಕಲೂ ಇಲ್ಲ, ಏರಿಸುವಾಗ ಎರಡೂ ಕೆಟ್ಟಿವೆ ಎಂದ. ಎರಡನ್ನೂ ಪೂರ್ತಿ ಅಳಿಸಿ, ಕಂಪನಿಯಲ್ಲಿಟ್ಟಿರುವ ಕಳೆದ ವಾರದ ಪ್ರತಿಯನ್ನು ತುಂಬೋಣ, ಮಧ್ಯಾಹ್ನದೊಳಗೆ ಲ್ಯಾಬು ನಡೆಯುತ್ತದೆ ಎಂದ. ಆದರೆ ಅಳಿಸಲೇ ಎಂದು ಕೇಳುವ ಪ್ರಶ್ನೆಗೆ ಸರ್ವರ್ ಕೋಣೆಯಲ್ಲೇ ಕೂತು ಯಾರಾದರೂ ಹೌದು ಎಂದು ಒತ್ತಬೇಕಿತ್ತು.

ಮೊಂಡಿ ಒತ್ತುವುದಿಲ್ಲ ಎಂದಳು.

ಸುದ್ದಿ ಕೇಳಿ ಆಡಳಿತಾಧಿಕಾರಿ ಇಳಿದು ಬಂದರು. ಕೆಟ್ಟ ಮನುಷ್ಯರೇನಲ್ಲ. ಹೊರಗಡೆ ಬಾಣಂತಿಯರು ಸಾಲುಗಟ್ಟಿ ನಿಂತಿದ್ದರು, ಯಂತ್ರಗಳು ಸುಮ್ಮನೆ ಕೂತಿದ್ದವು, ಅವರ ತಲೆ ಬಿಸಿಯಾಗಿತ್ತು. ಒಂದು ವಾರದ ವಿವರ ತಾನೇ, ಕೈಯಿಂದ ಮತ್ತೆ ತುಂಬಿಸಿದರಾಯಿತು, ತಿಳಿದವರು ಹೇಳಿದ ಮೇಲೆ ಎದುರು ಮಾತೇಕೆ ಎಂದರು. ಅವಳು ಕೀಲಿಮಣೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಎಲ್ಲಿಂದ ತುಂಬಿಸ್ತೀರಿ ಸಾರ್? ಟ್ಯೂಬು ಸುಟ್ಟಾಯ್ತು. ಮಕ್ಕಳನ್ನ ಮತ್ತೆ ಕರೆಸಿ ಚುಚ್ಚಬೇಕು ಅಂದ್ರೆ, ಯಾರನ್ನ ಅಂತ ಕರೀತೀರಿ? ಅವರ ನಂಬರೂ ಅದರೊಳಗೇ ಇದೆ."

ಕಂಪನಿಯವರ ಮಾತು ಕೇಳದೆ ಏನಾದರೂ ಹೆಚ್ಚುಕಡಿಮೆಯಾದರೆ ಅವಳ ಕೆಲಸಕ್ಕೇ ಸಂಚಕಾರ ಎಂದು ಅಧಿಕಾರಿ ನೆನಪಿಸಿದರು. ಇಂಜಿನಿಯರ್ ಫೋನಿನ ಸ್ಪೀಕರಿನಲ್ಲಿ ನಿಟ್ಟುಸಿರುಬಿಟ್ಟ. ಅವಳಿಗೆ ಹೆದರಿಕೆಯಾಯಿತು. ಗಂಡನ ಕನ್ನಡಕದ ಅಂಗಡಿ ಆಗಲೇ ಕುಂಟುತ್ತಿತ್ತು, ಮನೆ ನಡೆಯುತ್ತಿದ್ದುದು ಇವಳ ಸಂಬಳದಿಂದ. ಇದೆಲ್ಲ ಗೊತ್ತಿದ್ದೂ ಅವಳು ಜಾಗ ಬಿಟ್ಟು ಕದಲಲಿಲ್ಲ. ಹೆದರಿಕೆ ಇಲ್ಲದವರು ಪಟ್ಟು ಹಿಡಿದರೆ ಅದರಲ್ಲೇನು ದೊಡ್ಡಸ್ತಿಕೆ? ಇವಳು ಹೆದರುತ್ತಲೇ ಹಿಡಿದಳು.

"ಕೆಟ್ಟಿದೆ ಅಂತ ಪ್ರೋಗ್ರಾಂ ಹೇಳ್ತಿದೆ. ನಾನಿನ್ನೂ ನೋಡಿಲ್ಲ. ನೋಡದೆ ಅಳಿಸಲ್ಲ," ಎಂದಳು. "ಬೇಕಾದ್ರೆ ನನ್ನನ್ನ ತೆಗೆದುಹಾಕಿ, ಆಮೇಲೆ ಬಂದೋರು ಒತ್ತಲಿ."

ತೆಗೆದುಹಾಕುವುದಕ್ಕೂ ಮೇಲಿನವರ ಸಹಿ ಬೇಕು. ಅಧಿಕಾರಿ ಅದನ್ನು ತರುತ್ತೇನೆ ಎನ್ನುವಂತೆ ದಡದಡನೆ ಮೆಟ್ಟಿಲು ಹತ್ತಿದರು.

ಅವರು ಇಳಿದು ಬರುವುದರೊಳಗೆ ನೋಡಬೇಕಿತ್ತು. ತಪಾಸಣೆಯ ಪ್ರೋಗ್ರಾಂ ಹೇಳಿದ್ದು ಇಷ್ಟೇ: ಇಲ್ಲಿ ಇರಬೇಕಾದ್ದು ಇಲ್ಲಿಲ್ಲ. ಹಾಗಾದರೆ ಏನಿದೆ ಎಂದು ಅದು ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಅವಳು ಡೇಟಾ ಇರಬೇಕಾದ ಜಾಗವನ್ನು ತೆರೆದಳು. ಅಲ್ಲಿ ಸಾಲಾಗಿ, ದಿನಕ್ಕೊಂದರಂತೆ ಕಡತಗಳು. ಅವು ನಕಲುಗಳು. ಕೂಡಲೇ ನಕಲಿನ ಜಾಗವನ್ನು ತೆರೆದಳು. ಅಲ್ಲಿ ಡೇಟಾಬೇಸ್ ಕಾಲು ಚಾಚಿ ಮಲಗಿತ್ತು, ಒಂದು ಕೂದಲೂ ಕೊಂಕದೆ.

ಡಿಸ್ಕುಗಳು ಕೆಟ್ಟಿರಲಿಲ್ಲ, ಅದಲುಬದಲಾಗಿದ್ದವು. ಸರ್ವರನ್ನು ಕೂರಿಸಿದ ದಿನ ಡೇಟಾ ಎರಡನೇ ಡಿಸ್ಕಿನಲ್ಲಿದೆ, ನಕಲು ಮೂರನೆಯದರಲ್ಲಿದೆ ಎಂದು ಬರಿಯ ಸಾಲಿನ ಲೆಕ್ಕದಲ್ಲಿ ಬರೆದಿಟ್ಟಿದ್ದರು. ಪ್ರತಿ ಡಿಸ್ಕಿಗೂ ಹುಟ್ಟಿನಿಂದಲೇ ಬರುವ ಗುರುತಿನ ಸಂಖ್ಯೆಯನ್ನು ಯಾರೂ ಬರೆದಿರಲಿಲ್ಲ. ಹಳೆಯ ಸಿಸ್ಟಂ ಇಷ್ಟು ವರ್ಷ ಒಂದೇ ಸಾಲಿನಲ್ಲಿ ಎಣಿಸಿತು, ಹೊಸದು ಆ ಎರಡನ್ನು ಹಿಂದುಮುಂದಾಗಿ ಎಣಿಸಿತು. ಟ್ಯೂಬು ಸ್ಟ್ಯಾಂಡಿನ ಯಾವ ಗೂಡಿನಲ್ಲಿದೆ ಎಂದಷ್ಟೇ ನೋಡಿ ಯಾರದೆಂದು ಹೇಳಿದ ಟೆಕ್ನಿಷಿಯನ್ನಿಗೆ ಆ ಲ್ಯಾಬಿನಲ್ಲಿ ಒಂದು ದಿನವೂ ಉಳಿಗಾಲವಿಲ್ಲ, ಟ್ಯೂಬಿಗೆ ಅಂಟಿಸಿದ ಚೀಟಿ ಓದಲೇಬೇಕು. ಅಂಥ ಲ್ಯಾಬಿನವರು, ಮೊಂಡಿಯೂ ಸೇರಿ, ಇಷ್ಟೂ ಮಕ್ಕಳ ವಿವರವನ್ನು ಗೂಡು ನಂಬಿ ಇಟ್ಟಿದ್ದರು. ಅವಳಿಗೆ ಅಳುವೂ ಬಂತು, ನಗುವೂ ಬಂತು.

ಗುರುತಿನ ಸಂಖ್ಯೆ ಬರೆದು ಡಿಸ್ಕುಗಳನ್ನು ಅವವುಗಳ ಜಾಗಕ್ಕೆ ಸೇರಿಸಿದಳು. ಡೇಟಾಬೇಸ್ ಏನೂ ಆಗೇ ಇಲ್ಲವೆಂಬಂತೆ ಎದ್ದು ಕೂತಿತು. ಸ್ಪೀಕರಿನಲ್ಲಿ ಇಂಜಿನಿಯರ್, ತಾನು ಆ ಜಾಗಗಳನ್ನು ತೆರೆದೇ ನೋಡಲಿಲ್ಲ ಎಂದು ಒಪ್ಪಿಕೊಂಡ. ಅಷ್ಟರ ಮಟ್ಟಿಗೆ ಅವನೂ ಗಟ್ಟಿ ಆಳೇ.

ಅಧಿಕಾರಿ ಸಹಿ ಇಲ್ಲದೆಯೇ ವಾಪಸು ಬಂದರು. ಹೊರಗಿನ ಸಾಲು ಕರಗುತ್ತಿರುವುದನ್ನು ಕಂಡು ಅವರ ಮುಖ ಸಡಿಲವಾಯಿತು, ಆದರೆ ಮಾತು ಸಡಿಲವಾಗಲಿಲ್ಲ. ಇದು ಅವಳ ಅದೃಷ್ಟ, ಇನ್ನು ಮುಂದೆ ಹೇಳಿದಷ್ಟು ಮಾಡಬೇಕು, ಎಲ್ಲರೆದುರು ಹೀಗೆ ತಿರುಗಿ ಬಿದ್ದರೆ ಆಸ್ಪತ್ರೆ ನಡೆಯುವುದಿಲ್ಲ ಎಂದರು.

"ಒಂದು ವೇಳೆ ಡೇಟಾ ನಿಜವಾಗ್ಲೂ ಹೋಗಿದ್ದಿದ್ರೆ ಏನಮ್ಮ ಮಾಡ್ತಿದ್ದೆ?"

"ಹೋಗಿದೆ ಅಂತ ಕಣ್ಣಾರೆ ನೋಡೋ ತನಕ ಅಳಿಸ್ತಿರ್ಲಿಲ್ಲ ಸಾರ್. ನಾಳೆ ಹೇಳಿದ್ರೂ ಅಳಿಸಲ್ಲ."

ಅವರು ಇನ್ನೇನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಲ್ಯಾಬಿನ ಡಾಕ್ಟರಮ್ಮ ಬಾಗಿಲಲ್ಲಿ ಬಂದು ನಿಂತರು. ತಡೆದಿದ್ದ ಫಲಿತಾಂಶಗಳೆಲ್ಲ ಈಗ ಅವರ ಪರದೆಗೆ ಬಂದಿದ್ದವು. ಈ ವಾರ ಹುಟ್ಟಿದ ಒಂದು ಹೆಣ್ಣುಮಗುವಿನ ಥೈರಾಯ್ಡ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಇವತ್ತೇ ಔಷಧಿ ಶುರುವಾಗಬೇಕು, ತಾಯಿಯ ಫೋನು ಎಷ್ಟು ಮಾಡಿದರೂ ಯಾರೂ ಎತ್ತುತ್ತಿಲ್ಲ ಎಂದರು. ಬೇರೆ ನಂಬರು ಏನಾದರೂ ಕೊಟ್ಟಿದ್ದಾರಾ ಎಂದು ಕೇಳಿದರು.

ಮೊಂಡಿ ಅಧಿಕಾರಿಯ ಕಡೆ ತಿರುಗಿಯೂ ನೋಡಲಿಲ್ಲ. ತಾಯಿಯ ಹೆಸರು ಕೇಳಿ, ಟೈಪು ಮಾಡಿ, ಪರದೆಯ ಮೇಲೆ ಬೆರಳಿಟ್ಟಳು.

"ಇದೆ ಮೇಡಂ, ಮಗುವಿನ ಅಜ್ಜಿದು. ಹೇಳ್ತೀನಿ, ಬರ್ಕೊಳ್ಳಿ."