ಅವ್ವ ಅದ್ದದೇ ಬಿಟ್ಟ ಹಿಮ್ಮಡಿ

ನ್ಯೂಜಿಲೆಂಡಿನ ಲೋವರ್ ಹಟ್‌ಗೆ ಬಂದು ಹನ್ನೊಂದು ವರ್ಷವಾದರೂ ನನ್ನ ಗಂಡ ತಮ್ಮ ಮಟ್ಟಿಗೆ ಕಾಲೇಜು ತಂಡದ ವೇಗದ ಬೌಲರ್ ಆಗಿಯೇ ಉಳಿದಿದ್ದರು. ಹೊಟ್ಟೆ ಮಾತ್ರ ಇದನ್ನು ಒಪ್ಪಿರಲಿಲ್ಲ. ಒಂದು ಶನಿವಾರ ಆಫೀಸಿನವರ ಕ್ರಿಕೆಟ್‌ನಲ್ಲಿ ಓಡಿ ಬಂದು ಎಸೆದ ಮೊದಲ ಚೆಂಡಿಗೇ ಹಿಮ್ಮಡಿಯ ಮೇಲಿನ ದಪ್ಪ ನರ ಹರಿದು ಕುಸಿದರು. ಚೆಂಡು ವೈಡ್ ಆಗಿತ್ತಂತೆ.

ಆ ನರಕ್ಕೆ ಅಕಿಲಿಸ್ ಎಂಬ ಗ್ರೀಕ್ ವೀರನ ಹೆಸರಿದೆ ಎಂದು ಆಸ್ಪತ್ರೆಯಲ್ಲಿ ಗೊತ್ತಾದದ್ದೇ ತಡ, ಇವರ ನೋವು ಅರ್ಧ ಇಳಿಯಿತು. ಪ್ಲಾಸ್ಟರ್ ಕಾಲನ್ನು ಸೋಫಾದ ಮೇಲಿಟ್ಟು ಬಂದವರಿಗೆಲ್ಲ ಕಥೆ ಹೇಳತೊಡಗಿದರು. ಕೂಸಾಗಿದ್ದ ಅಕಿಲಿಸ್‌ಗೆ ಸಾವು ಬಾರದಿರಲೆಂದು ತಾಯಿ ಅವನನ್ನು ತಲೆಕೆಳಗಾಗಿ ಪಾತಾಳದ ನದಿಯಲ್ಲಿ ಅದ್ದಿದಳು. ಅವಳು ಹಿಡಿದಿದ್ದ ಹಿಮ್ಮಡಿಗೆ ಮಾತ್ರ ನೀರು ತಾಗಲಿಲ್ಲ. ಮುಂದೆ ಯುದ್ಧದಲ್ಲಿ ಬಾಣ ಬಂದು ಅಲ್ಲಿಗೇ ನಾಟಿತು. ತಾಯಿ ಸ್ವಲ್ಪ ನೋಡಿಕೊಂಡಿದ್ದರೆ ಬದುಕುತ್ತಿದ್ದ ಎಂದು ಕೊನೆಗೊಂದು ನಿಟ್ಟುಸಿರು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಮಹಾಶಯ ಯುದ್ಧದ ನಡುವೆ ಸಿಟ್ಟು ಮಾಡಿಕೊಂಡು ಡೇರೆ ಸೇರಿದವನು, ಜತೆಯವರು ಸಾಯುತ್ತಿದ್ದರೂ ಅಲ್ಲಿಂದ ಏಳದವನು. ಅದು ಶೌರ್ಯವಂತೆ. ಸಾವಿರಾರು ವರ್ಷಗಳಿಂದ ಲೋಕಕ್ಕೆ ಕಂಡದ್ದು ಅವ್ವನ ಕೈಯ ತಪ್ಪೊಂದೇ. ಆ ದಿನ ಅಪ್ಪ ಎಲ್ಲಿದ್ದ ಎಂದು ಯಾರೂ ಕೇಳುವುದಿಲ್ಲ.

ನಮ್ಮ ಮನೆಯಲ್ಲೂ ತಪ್ಪು ಬಂದು ಕೂತದ್ದು ನನ್ನ ತಲೆಯ ಮೇಲೆ. ನಮ್ಮ ಜತೆಗೇ ಇರುವ ಅತ್ತೆ ಧಾರವಾಡದವರು. ಆಟಕ್ಕೆ ಯಾಕೆ ಕಳಿಸಿದೆ, ಬೆಳಿಗ್ಗೆ ಏನು ತಿನ್ನಿಸಿದ್ದೆ ಎಂದು ವಾರಗಟ್ಟಲೆ ಕೇಳಿದರು. ಆಫೀಸು, ಮಗಳ ಸ್ಕೂಲು, ವೀರರ ಊಟದ ತಟ್ಟೆ ಎಂದು ನಾನು ಓಡಾಡಿ ಸುಸ್ತಾಗಿದ್ದೆ. ಒಂದು ಸಂಜೆ ಮತ್ತೆ ಅದೇ ಮಾತು ಬಂದಾಗ ತಡೆಯಲಾಗಲಿಲ್ಲ.

"ಅವರು ಕೂಸಿದ್ದಾಗ ನೀವರ ಆ ಹಿಮ್ಮಡಕ್ಕ ನೆಟ್ಟಗ ಎಣ್ಣಿ ತಿಕ್ಕಿದ್ರ ಹಿಂಗ ಆಗ್ತಿದ್ದಿಲ್ಲ ಬಿಡ್ರಿ ಅತ್ತಿ," ಎಂದೆ. ಹೇಳಿ ಖುಷಿಯೂ ಪಟ್ಟೆ.

ಅತ್ತೆ ಜಗಳಕ್ಕೆ ಬರಲಿಲ್ಲ. ಮೆಂತ್ಯ ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿ ಮಗನ ಕಾಲನ್ನೇ ನೋಡಿದರು.

"ಹಡೆದ ಆರನೇ ದಿನಕ್ಕ ನಾನ ಎದ್ದು ನೀರು ಕಾಸೀನಿ, ನಾನ ಎರದೀನಿ. ಹಿಡಿಯಾಕ ಇನ್ನೊಂದು ಕೈ ಇದ್ದಿದ್ದಿಲ್ಲ ನೋಡವಾ," ಎಂದರು.

ನನಗೆ ನಾಚಿಕೆಯಾಯಿತು. ಅವರ ಪಕ್ಕ ಹೋಗಿ ಕೂತೆ. ಸೋಫಾದಿಂದ ಚಹಾ ಆಯಿತೇ ಎಂಬ ದನಿ ಬಂತು. ಇಬ್ಬರೂ ಏಳಲಿಲ್ಲ.